ಕೈ ತೆಗೆ

ಎಸ್.ಪಿ. ರೋಡಿಗೆ ನಾವು ಹೋದದ್ದು ಒಂದು ಮರದ ತುಂಡಿನ ಜೊತೆ.
ನೀಲಗಿರಿ, ಮೊಳದುದ್ದ, ರವಿಕೆ ಬಟ್ಟೆಯಲ್ಲಿ ಸುತ್ತಿ,
ಮುನೀರಾಳ ಬ್ಯಾಗಿನಿಂದ ಮೂತಿ ಹೊರಗಿಟ್ಟು
ಬಸ್ಸಿಡೀ ಪಕ್ಕದವರ ಪಕ್ಕೆ ತಿವಿಯುತ್ತ ಬಂದಿತ್ತು.
"ಏನಕ್ಕಾ ಇದು?" ಅಂದ ಅಂಗಡಿಯ ಲಲಿತ್.
"ಹೆಣ್ಣು ನಾವೇ ತಂದಿದ್ದೀವಿ,
ಗಂಡು ನೀನು ತೋರಿಸು," ಅಂದಳು ಅವಳು,
"ಅದೇ, ನಿಮ್ಮ ಮೊಳೆ ಹೊಡೆಯೋ ಗನ್ನು."

ಗಾಜಿನ ಮೇಲೆ ಮೂರು ಪೆಟ್ಟಿಗೆ ಬಿಚ್ಚಿದ.

ಇಪ್ಪತ್ತೆರಡು ವರ್ಷ ಕಾಲರ್ ಹೊಲಿದವರು
ಯಂತ್ರದ ಹಲ್ಲು ಎಣಿಸದೆ ಕೊಳ್ಳುತ್ತೇವೆಯೇ?
ಹೊಸೂರು ರೋಡಿನ ಗೇಟಿಗೆ ಬೀಗ ಬಿದ್ದ ಮೇಲೆ
ಕೈಗೆ ಬಂದ ಪಿ.ಎಫ್. ಹಣ,
ಮುತ್ತಾನಲ್ಲೂರಿನಾಚೆ ಭೋಗ್ಯಕ್ಕೆ ಹಿಡಿದ ಆರು ಗುಂಟೆ,
ಅಲ್ಲಿ ಏಳಬೇಕಾದ ಕೋಳಿಗೂಡು, ಮೇಕೆಗಳ ಅಟ್ಟಣೆ,
ನನ್ನ ಬಾಡಿಗೆ ಕೋಣೆಗೊಂದು ಪಾತ್ರೆ ಹಲಗೆ,
ಇಷ್ಟೂ ಒಂದೇ ಪೆಟ್ಟಿಗೆಯಿಂದ ಹೊರಬರಬೇಕು.

ಮೊದಲನೆಯದು ಹಗುರ, ನೋಡಲು ಚೆಂದ.
ಹೊಡೆದ ಮೊಳೆ ಜೀರಿಗೆಯಷ್ಟು ತಲೆ ಎತ್ತಿ
ಒಳಗೆ ಹೋಗಲೊಲ್ಲೆ ಎಂದು ನಿಂತಿತು.
"ಪ್ಲೈವುಡ್ಡಿಗೆ ಇದೇ ಬೆಸ್ಟು."
ಪ್ಲೈವುಡ್ಡನ್ನು ಮೇಕೆ ತಿಂದುಬಿಡುತ್ತೆ ಕಣಪ್ಪ, ಅಂದೆ.

ಎರಡನೆಯದು ಬ್ಯಾಟರಿಯ ಜೊತೆ ಗ್ಯಾಸೂ ಕುಡಿಯುವ ಜಾತಿ.
ಅಡುಗೆಮನೆಯ ಒಂದು ಸಿಲಿಂಡರ್ ತುಂಬಿಸುವುದೇ ಸಾಕಾಗಿದೆ.
ಆದರೂ ತಲೆ ಮೇಲೆ ಎತ್ತಿ ಹಿಡಿದು ಎಣಿಸಿದೆ;
ನೂರಕ್ಕೆ ಮೊದಲೇ, ಅರವತ್ತಕ್ಕೆ,
ಮಣಿಕಟ್ಟಿನ ಹಳೇ ನೋವು ಹಾಜರಿ ಹಾಕಿತು.

"ಬ್ಯಾಟರಿ ಮನೇಲಿದೆ, ಡ್ರಿಲ್ಲಿನದು. ಆಗುತ್ತಾ?"
"ನೀಲಿಯದು ನೀಲಿಗೇ, ಹಳದಿಯದು ಹಳದಿಗೇ ಅಕ್ಕಾ,
ಬೇರೆ ಮನೆತನದ್ದು ಕೂಡಿಬರಲ್ಲ."
ಮುನೀರಾ ನನ್ನ ಮುಖ ನೋಡಿದಳು.
ಇಪ್ಪತ್ತೆರಡು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು,
ಗಾಜಿನ ಮೇಲೆ ಕೈಯೂರಿ ನಕ್ಕೆವು.
ಯಾಕೆಂದು ಪಾಪ ಅವನಿಗೆ ತಿಳಿಯಲಿಲ್ಲ.

ಮೂರನೆಯದು ನೀಲಿ. ನಮ್ಮ ಡ್ರಿಲ್ಲೂ ನೀಲಿ.
ಮೊಳೆ ನೀಲಗಿರಿಯೊಳಗೆ ಇಳಿಯಿತು,
ಬೆರಳಾಡಿಸಿದರೆ ಗೊತ್ತಾಗದಷ್ಟು ಸಾಪಾಗಿ.
"ಮೂತಿ ಮರಕ್ಕೆ ಒತ್ತದೆ ಹಾರೋದಿಲ್ಲ, ನೋಡಿ,"
ಅಂದು ಗಾಳಿಯಲ್ಲಿ ಹಿಡಿದು ಕುದುರೆ ಎಳೆದ.
ಏನೂ ಇಲ್ಲ.
"ಈ ಗುಂಡಿ ತಿರುಗಿಸಿದ್ರೆ
ಕುದುರೆ ಹಿಡಿದೇ ಇದ್ದು ತಟ್ಟುತ್ತಾ ಹೋಗಬಹುದು.
ಬೇಗ ಆಗುತ್ತೆ."

ಬೇಗ.
ಮುನೀರಾಳ ತೋರುಬೆರಳು ತಾನಾಗಿ ಮಡಚಿಕೊಂಡಿತು.
ಶಿಪ್‌ಮೆಂಟ್ ಶನಿವಾರ. "ಕೈ ಆಡ್ಸಿ, ಕೈ ಆಡ್ಸಿ!"
ಸೂಜಿ ಉಗುರು ಹಾದು ಆಚೆ ಬಂದಿತ್ತು, ದಾರದ ಸಮೇತ.
ಸೂಪರ್‌ವೈಸರ್ ಮೊದಲು ಎತ್ತಿ ನೋಡಿದ್ದು ಕಾಲರನ್ನು,
ಬಿಳಿ ಬಟ್ಟೆಗೆ ರಕ್ತ ತಾಕಿತೇನೋ ಎಂದು.
ಮುಟ್ಟಿದೆಯೋ ಇಲ್ಲವೋ ನೋಡಿ ಹೊಡೆಯುವ ಈ ಬುದ್ಧಿ
ಆ ಸೂಜಿಗೆ ಯಾರೂ ಕಲಿಸಿರಲಿಲ್ಲ.

"ಒಂದೊಂದೇ ಸಾಕಪ್ಪ," ಅಂದಳು,
ಗುಂಡಿಯನ್ನು ತಾನೇ ಹಿಂದಕ್ಕೆ ತಿರುಗಿಸಿ.

ಬಸ್ಸಿನಲ್ಲಿ ನಮಗೆ ಟಿಕೆಟ್ ಫ್ರೀ, ಪೆಟ್ಟಿಗೆಗೆ ಲಗೇಜು.
ಪಕ್ಕದ ತೋಟದ ಮೌನೇಶಾಚಾರಿ ಬಂದು ಮೂಸಿ ನೋಡಿ
"ಸುತ್ತಿಗೆಗೆ ಚಾರ್ಜು ಬೇಕಿಲ್ಲ" ಅಂದರು.
ನಿಜವೇ. ಮೂಲೆಗಂಬಗಳಿಗೆ ಬೋಲ್ಟು ಬಡಿದು ಕೂರಿಸಲು
ಅವರದೇ ಸುತ್ತಿಗೆ ಕೇಳಿ ತಂದೆವು.
ಇನ್ನೂ ವಾಪಸ್ಸು ಕೊಟ್ಟಿಲ್ಲ.

ಈಗ ಅಟ್ಟಣೆಯ ಪಟ್ಟಿ. ಅವಳು ಹಿಡಿಯುತ್ತಾಳೆ, ನಾನು ಹೊಡೆಯುತ್ತೇನೆ.
ಅಡಿಗೋಲು ಇಟ್ಟು ಗುರುತು, ಬಾಯಲ್ಲಿ ಪೆನ್ಸಿಲ್ಲು,
ಸಾಲಿನಲ್ಲಿ ಹೊಲಿಗೆಯಂತೆ ಮೊಳೆ, ಬೆರಳಗಲ ಬಿಟ್ಟು ಬೆರಳಗಲ.
ಮೂತಿ ಒತ್ತುವ ಮುನ್ನ ಪ್ರತಿ ಸಲವೂ ಹೇಳುತ್ತೇನೆ,
ಅವಳಿಗೆ ಗೊತ್ತಿದ್ದರೂ,
ಮೇಕೆಗಳಿಗೂ ಬಾಯಿಪಾಠವಾಗಿದ್ದರೂ:

ಕೈ ತೆಗೆ, ಮುನೀರಾ.
ತೆಗೆದೆಯಾ?
ತೆಗೆದೆ.