ಕೈ ಎಣಿಕೆ

ಗೋಕುಲ ರೋಡಿನ ಹಿಂದ, ತಗಡಿನ ಶೆಡ್ಡು.
ಬೋರ್ಡಿನ ಮ್ಯಾಲಿನ ಮಾಲಕರ ಹೆಸರು ಕೆರದು ತಗದೇವಿ,
ಹೊಸದು ಇನ್ನೂ ಬರಸಿಲ್ಲ.
ಬಣ್ಣಕ್ಕ ರೊಕ್ಕ ಇಲ್ಲಂತಲ್ಲ,
ಏನಂತ ಹೆಸರಿಡೂದು ಅನ್ನೂದಕ್ಕ
ಎರಡು ಮೀಟಿಂಗ್ ಆದ್ರೂ ಕೈ ಕೂಡಿಲ್ಲ.

ನಾನು ಸ್ಟೋರ್ ಕೀಪರ್. ಅಕ್ಷರ ದುಂಡಗ ಅದಾವಂತ
ಠರಾವು ಪುಸ್ತಕ ನನ್ನ ಕಡೆ ಕೊಟ್ಟಾರ.
ಮೊದಲ ಹಾಳಿಯಾಗ ಬರದೇನಿ:
ಹನ್ನೊಂದು ಮಂದಿ, ಹನ್ನೊಂದು ಮತ.
ಗ್ರ್ಯಾಚುಯಿಟಿ ರೊಕ್ಕ ಹಾಕಿ
ನಾಲ್ಕು ಲೇಥು, ಒಂದು ಪ್ರೆಸ್ಸು ಕೊಂಡೇವಿ.
ಲಾಭ ಬಂದ್ರ ಹಂಚಿ ತಿನ್ನೂದು.
ಲುಕ್ಸಾನಿನ ಸುದ್ದಿ ಅವತ್ತು ಯಾರೂ ತಗೀಲಿಲ್ಲ,
ನಾನೂ ಬರೀಲಿಲ್ಲ.

ಮಾಲಕರು ಕೆಟ್ಟವರೇನಲ್ಲ.
ದೀಪಾವಳಿಗೆ ಪೇಡೆ, ಮಗಳ ಮದಿವಿಗೆ ಮುಯ್ಯಿ.
'ಕೆರಿ ತುಂಬಿದ್ರ ಬಾವಿಗೂ ನೀರು' ಅಂತಿದ್ರು.
ಖರೆ.
ದ್ಯಾಮಣ್ಣ ಒಮ್ಮಿ ಗ್ರೀಸ್ ಒರಸ್ಕೋತ ಕೇಳಿದ್ದ:
'ಬಾವಿ ಯಾರ ಹಿತ್ತಲದಾಗ ಐತ್ರಿ?'
ಮಾಲಕರು ನಕ್ರು. ನಾವೂ ನಕ್ವಿ.
ಆ ವರ್ಷ ದ್ಯಾಮಣ್ಣನ ಪೇಡೆ ಡಬ್ಬಿ ಸಣ್ಣದಿತ್ತು,
ಇಲ್ಲಾ, ನನಗ ಹಂಗ ಕಂಡಿತೋ ಏನೋ.

ಈಗ ಶ್ರಾವಣ. ಕೊಲ್ಲಾಪುರದ ಪಂಪಿನ ಕಂಪನಿ
ವಾಲ್ವಿನ ಆರ್ಡರ್ ಅರ್ಧ ಮಾಡೇತಿ.
ಮಾಲಕರಿದ್ದಾಗ ಇದು ಒಂದು ರಾತ್ರಿ ಕೆಲಸ:
ಮುಂಜಾನೆ ಗೇಟಿನ್ಯಾಗ ಇಬ್ಬರ ಹೆಸರು,
ಉಳಿದವರು ತಲಿ ತಗ್ಗಿಸಿ ಒಳಗ.
ಬೈಯಾಕ ಒಬ್ಬ ಮನಿಷ್ಯಾ ಇರ್ತಿದ್ದ.
ಈಗ ಬೈಯೂದು ಯಾರನ್ನ?

ಮಾಲಕರ ಕುರ್ಚಿ ಹಂಗ ಐತಿ, ಯಾರೂ ಕೂಡೂದಿಲ್ಲ;
ಅದರ ಮ್ಯಾಲ ಔಷಧದ ಡಬ್ಬಿ ಇಟ್ಟೇವಿ.
ಪ್ಯಾಕಿಂಗ್ ಪೆಟಿಗಿ ಬೋರಲ ಹಾಕಿ ಕುಂತ್ವಿ.
'ಇಬ್ಬರನ್ನ ಮೂರು ತಿಂಗಳ ಮನಿಗೆ ಕಳಸೂದು,
ಇಲ್ಲಾ, ಎಲ್ಲಾರ ಪಗಾರದಾಗ ಮೂರು ಸಾವಿರ ಕಡಿಯೂದು'
ಓದಿ ಹೇಳಿದೆ. ನನ್ನ ದನಿ ನನಗ
ಮಾಲಕರ ದನಿಯಂಗ ಕೇಳಸ್ತು.

ತುಕಾರಾಮ ಬಾಕಳೆ, ಕೈಯಾಗ ಮೈಕ್ರೋಮೀಟರ್,
ಕೂದಲಿನ ದಪ್ಪ ಕಣ್ಣಲೆ ಅಳಿಯಾಂವ:
'ತಾರಿಹಾಳದಾಗ ನಾಳೆ ನನಗ ಇಮ್ಮಡಿ ಕೊಡ್ತಾರ.
ಆದ್ರೂ ಇಲ್ಲೇ ಅದೇನಿ.
ನನ್ನ ಕೈಗೂ ಒಂದ ಮತ, ಕಸಾ ಹೊಡಿಯೂ ಕೈಗೂ ಒಂದ ಮತ.
ಇರಲಿ. ಒಮ್ಮಿ ಬಾಯಿಬಿಟ್ಟು ಅನ್ನಬೇಕಾಗಿತ್ತು, ಅಂದೆ.'

ಕಸಾ ಹೊಡಿಯೂ ಕೈ ಚಂದ್ರವ್ವನದು.
ಆಕಿ ಬಾಕಳೆ ಕಡೆ ನೋಡಲಿಲ್ಲ.
ಸೆರಗಿನ ಕಬ್ಬಿಣಪುಡಿ ಝಾಡಿಸಿ ಅಂದ್ಲು:
'ಎಲ್ಲಾರದೂ ಮೂರ್ಮೂರು ಸಾವಿರ ಅಂದ್ರ
ನಿಮ್ಮದು ಉಗುರು ಕಡದಂಗ,
ನಂದು ಬೆರಳ ಕಡದಂಗ.
ಇದು ಸರಿಪಾಲೇನ್ರಿ?'

ಒಂಬತ್ತಾತು. ಜಗಳಾತು.
ಯಾರೋ ಯಾರದೋ ಅಪ್ಪನ ಸುದ್ದಿ ತಗದ್ರು.
ಗೇಜ್ ನೋಡೂ ಹುಡುಗಿ ಶಾಹೀನ್
ರಟ್ಟಿನ ಮ್ಯಾಲ ಲೆಕ್ಕ ಹಾಕಿ ತೋರಿಸಿದ್ಲು:
ದೊಡ್ಡ ಪಗಾರಕ್ಕ ದೊಡ್ಡ ಕತ್ರಿ,
ಸಣ್ಣದಕ್ಕ ಕತ್ರೀನ ಇಲ್ಲ. ಮನಿಗೆ ಯಾರೂ ಹೋಗೂದಿಲ್ಲ.
'ಒಪ್ಪಿಗಿದ್ದವರು ಕೈ ಎತ್ರಿ' ಅಂದೆ.

ದ್ಯಾಮಣ್ಣನ ಬಲಗೈ ಮೊದಲ ಎದ್ದಿತು,
ಪ್ರೆಸ್ಸು ಎರಡು ಬೆರಳ ತಿಂದ ಕೈ.
ಆವಾಗ ಬೆರಳಿಗೆ ಇಷ್ಟು ಅಂತ ಎಣಿಸಿ ಕೊಟ್ಟಿದ್ರು.
ಇವತ್ತು ಬೆರಳ ಎಣಸೂದಿಲ್ಲ.
ಆರು ಎದ್ವು. ನಾಲ್ಕು ತೊಡಿ ಮ್ಯಾಲ ಉಳದ್ವು.
ನಂದು ಪೆನ್ನು ಹಿಡದಿತ್ತು;
ಪೆನ್ನಿಗೆ ಪಕ್ಷ ಇಲ್ಲ ಅನ್ಕೊಂಡಿದ್ದೆ.
'ನಿಂದ್ಯಾಕ ಕೆಳಗ?' ಅಂದ್ಲು ಚಂದ್ರವ್ವ.
ಪೆನ್ನು ಸಮೇತ ಎತ್ತಿದೆ. ಏಳು.

ಬಾಕಳೆಯ ಕೈ ನಾಲ್ಕರಾಗಿತ್ತು.
ಮೈಕ್ರೋಮೀಟರ್ ಬಟ್ಟಿಯಾಗ ಸುತ್ತಿ
ಡ್ರಾವರಿನ್ಯಾಗ ಇಟ್ಟ, ಕೀಲಿ ಹಾಕಲಿಲ್ಲ.
ಮುಂಜಾನೆ ಬರ್ತಾನೋ ಇಲ್ಲೋ,
ಆ ಠರಾವು ನಮ್ಮ ಪುಸ್ತಕದಾಗ ಬರೂದಲ್ಲ.

'ಹಾಜರು: ಹನ್ನೊಂದು' ಅಂತ ಬರಿಯೂದರಾಗ
ಬಾಗಲದಾಗ ಚಾದ ಮಕ್ತುಮ.
ಎಂಟು ವರ್ಷಾತು, ದಿನಾ ಎರಡು ಹೊತ್ತು ಬರ್ತಾನ.
ನಮ್ಮ ಆರ್ಡರ್ ಅರ್ಧಾದ್ರ ಅವನ ಕೆಟಲಿನೂ ಅರ್ಧ,
ಅದನ್ನ ಯಾವ ಹಾಳಿಯಾಗ ಬರೀಲಿ?
ಕೈ ಎತ್ತಾಕ ಅವನ ಎರಡೂ ಕೈ ಖಾಲಿ ಇರಲಿಲ್ಲ.
ಹನ್ನೊಂದು ಕಪ್ಪು ಎಣಿಸಿ ಇಟ್ಟ,
ಪೆಟಿಗಿ ಮ್ಯಾಲ ಚೆಲ್ಲಿದ್ದು ಒರಸಿದ,
ಕೇಳಿದ:
'ನಾಳೆ ಎಷ್ಟು ತರ್ಲ್ರಿ?'