ಒಂದು ಬೆರಳು ಮುಂದೆ

ಬೈತಖೋಲದ ದಂಡೆಗೆ ಎಳೆದು ಹಾಕಿದ ಟ್ರಾಲರು.
ಡೆಕ್ಕಿನ ಕಿಂಡಿಗೆ ಚೌಕ ಮೂಲೆ,
ಆ ಮೂಲೆಯಿಂದ ಹೊರಟ ಬಿರುಕು,
ಯಾರೋ ಪೆನ್ಸಿಲಿನಲ್ಲಿ ಗೀಚಿ ಮರೆತ ಹಾಗೆ.

‘ಎಷ್ಟುದ್ದ?’ ಅಂದ ಇನಾಸ.
‘ಮೂವತ್ತೆಂಟು ಮಿಲಿಮೀಟರ್.’
‘ಕಣ್ಣಿಗೆ’ ಅಂದ.

ಮೊಣಕಾಲ ಮೇಲೆ ವಹಿ ಇಟ್ಟು ಲೆಕ್ಕ ಹಾಕಿದೆ.
ಎಳೆದರೆ ಹಿಗ್ಗುತ್ತದೆ ತಗಡು, ಬಿಟ್ಟರೆ ಮರಳುತ್ತದೆ,
ಅಲ್ಲಿಯ ತನಕ ತಕರಾರಿಲ್ಲ.
ಪುಸ್ತಕದಲ್ಲಿ ಇದರ ಹೆಸರು ಪೀಡನ.
ತಡೆ ಸಿಕ್ಕಲ್ಲಿ ಬಳಸಿ ಹೋಗುತ್ತದೆ, ಕಾಳಿಯ ನೀರಿನಂತೆ,
ತಿರುವಿನಲ್ಲಿ ಒತ್ತಿ ನುಗ್ಗುತ್ತದೆ;
ತಿರುವು ಚೂಪಾದಷ್ಟೂ ನುಗ್ಗು ಜಾಸ್ತಿ.
ಬಿರುಕಿನ ತುದಿಯಲ್ಲಿ
ಛೇದಕ್ಕೆ ಸೊನ್ನೆ ಬಂದು ಕೂತು
ಉತ್ತರ ಅನಂತ.

ವಿಮೆಯ ಫಾರ್ಮಿನಲ್ಲಿ ಅನಂತಕ್ಕೆ ಜಾಗವಿಲ್ಲ.

ಕೋಡಿಬಾಗದಲ್ಲಿ ಅಮ್ಮ ಪರಕಾರ ಹೊಲಿಯುತ್ತಿದ್ದಳು.
ಗಟ್ಟಿ ಬಟ್ಟೆ, ಇಬ್ಬರು ಜಗ್ಗಿದರೂ ಜಪ್ಪಯ್ಯ ಅನ್ನದು.
ಅಂಚಿಗೊಂದು ಕತ್ತರಿಯ ಕಚ್ಚು, ಅಕ್ಕಿಕಾಳಿನಷ್ಟು,
ಆಮೇಲೆ ಎರಡೇ ಬೆರಳಲ್ಲಿ ಚರ್ರನೆ ಇಬ್ಭಾಗ.
ಆ ಸದ್ದಿಗೆ ತೊಟ್ಟಿಲಲ್ಲಿ ಬೆಚ್ಚುತ್ತಿದ್ದೆನಂತೆ.
ಮುಂದೆ ಸುರತ್ಕಲ್ಲಿನಲ್ಲಿ ನಾಲ್ಕು ವರ್ಷ ಓದಿದ್ದು
ಅದನ್ನೇ.

ಕೆಂಪು ದ್ರಾವಣ ಬಳಿದೆವು. ಹತ್ತು ನಿಮಿಷ.
ಇನಾಸ ಬೀಡಿ ತೆಗೆದ,
ಡಬ್ಬಿಯ ಮೇಲಿನ ಬೆಂಕಿಯ ಚಿತ್ರ ನೋಡಿ
ಕಿವಿಗೆ ಸಿಕ್ಕಿಸಿಕೊಂಡ.
ಒರೆಸಿ ಬಿಳಿ ಪುಡಿ ಊದಿದರೆ
ಬಿಳಿಯ ಮೇಲೆ ಕೆಂಪು ಮೆಲ್ಲನೆ ಎದ್ದು ಬಂತು,
ನಿಂತೀತು ಅಂದುಕೊಂಡಲ್ಲಿ ನಿಲ್ಲದೆ.
ಐವತ್ತೊಂದು.

ಪಕ್ಕದಲ್ಲಿ ಹಳೆಯ ತೂತೊಂದು, ಬೆಸುಗೆ ಮೆತ್ತಿ ಮುಚ್ಚಿದ್ದು.
‘ನಾನೇ ಕೊರೆದದ್ದು, ಬಾಯ್.
ಆಗ ಈ ಬಣ್ಣಗಿಣ್ಣ ಇರಲಿಲ್ಲ.
ಒಂದು ಬೆರಳು ಹಿಂದಾಯ್ತು.
ದೇವಗಡದ ಹತ್ತಿರ ನೀರು ಒಳಗೆ ಬಂತು.
ಎಲ್ಲ ತಿರುಗಿ ಬಂದರು.’
ನಾನೇನೂ ಕೇಳಿರಲಿಲ್ಲ.
ಡ್ರಿಲ್ಲಿಗೆ ಬಿಟ್ಟು ಸಿಕ್ಕಿಸುತ್ತ ಮತ್ತೆ ಅಂದ,
‘ಏಳು ಜನ. ಎಲ್ಲ ಬಂದರು.’

‘ಎಲ್ಲಿ ಹೇಳು.’
ಕೆಂಪು ಮುಗಿದಲ್ಲಿಂದ ಒಂದಿಷ್ಟು ಮುಂದೆ
ಸೀಮೆಸುಣ್ಣದ ಚುಕ್ಕಿ ಇಟ್ಟೆ.
ಕೈ ತುಸು ನಡುಗಿತು; ಗಾಳಿ ಅಂದುಕೊಳ್ಳಲಿ.

ಹತ್ತು ಮಿಲಿಮೀಟರಿನ ಗುಂಡು ತೂತು.
ಹರಿದದ್ದನ್ನು ನಿಲ್ಲಿಸಲು ಇನ್ನಷ್ಟು ತೆಗೆಯುವುದು,
ಚೂಪಿದ್ದಲ್ಲಿ ದುಂಡಗೆ.
ಲೋಹದ ಸುರುಳಿ ಬಿಸಿಬಿಸಿ ಕಾಲಬಳಿ ಬಿತ್ತು.
ಒಳಗಿನ ತಣ್ಣನೆ ಉಸಿರು ಮೇಲೆ ಬಂತು,
ಹಳೇ ಮಂಜುಗಡ್ಡೆ, ಬಂಗುಡೆ.

ಮತ್ತೆ ಲೆಕ್ಕ ಹಾಕಿದೆ.
ಮೀನುಪೇಟೆಯಲ್ಲಿ ಮಧ್ಯಾಹ್ನದ ದರದಂತೆ
ಅನಂತ ಇಳಿದು ಇಳಿದು
ಏಳು ಚಿಲ್ಲರೆ ಪಟ್ಟು.

ಬರೆಯಬಹುದಾದ ಸಂಖ್ಯೆ. ಬರೆದೆ.
ಇನಾಸ ಆ ತೂತಿಗೆ ಕಿರುಬೆರಳು ತೂರಿಸಿ
ಅಂಚನ್ನು ಸುತ್ತ ಸವರಿದ,
ಇನ್ನೊಂದು ಸುತ್ತು ಸವರಿದ.