ನಲವತ್ತಮೂರನೆಯ ಫೈಲು

ಒಬ್ಬರಿಗೆ ಹನ್ನೆರಡು ನಿಮಿಷ. ಬಾಗಿಲಿಗೆ
ನಾನೇ ಅಂಟಿಸಿದ ಚೀಟಿ.
ಆಗಸ್ಟಿನ ಚಳಿ. ಸೀಮೆಎಣ್ಣೆಯ ಹೀಟರು
ಶಾಖಕ್ಕಿಂತ ವಾಸನೆಯನ್ನೇ ಹೆಚ್ಚು ಕೊಡುತ್ತದೆ.
ಇದು ರೋಮಾ; ಇಟಲಿಯದ್ದಲ್ಲ, ಲೆಸೊಥೊದ್ದು.
ಪೋಪರಿಲ್ಲ ಇಲ್ಲಿ. ದಾರಿ ಕೇಳಬೇಕಾದರೆ
ಇರುವುದು ನಾನು, ನನ್ನ ಮೊಹರು.

ಇನ್ನೆರಡು ವರ್ಷಕ್ಕೆ ಮೇಷ್ಟರಾಗುವವರು
ಹೊರಗೆ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದಾರೆ,
ತಡವಾಗಿ ಬಂದು ಸಿಕ್ಕಿಬಿದ್ದ ಮಕ್ಕಳ ಹಾಗೆ.
ಯಾವ ವಿಷಯ ಬಿಡಲಿ, ಯಾವುದು ಹಿಡಿಯಲಿ,
ಪಾಠದ ಅಭ್ಯಾಸಕ್ಕೆ ಚಿಕ್ಕಮ್ಮನ ಊರಿನ ಶಾಲೆಯೇ ಸಿಕ್ಕೀತೆ,
ಕ್ರೆಡಿಟ್ಟು ಎಷ್ಟು ಬಾಕಿ.
ಕಾಲಂ ನೋಡುತ್ತೇನೆ, ಟಿಕ್ ಹಾಕುತ್ತೇನೆ,
ಗಟ್ಟಿಯಾದ ಇಂಕಿಗೆ ಬಾಯಿಂದ ಊದಿ
ಮೊಹರು ಒತ್ತುತ್ತೇನೆ.

ಮೊತ್ಲಾತ್ಸಿ ಬಂದ. ಆರಡಿ ಆಳು, ಕುರ್ಚಿಯ ಅಂಚಿನಲ್ಲಿ.
ಗಣಿತ ಕಲಿಸಬೇಕೆಂದು ಸೇರಿದವನು,
ಸಂಖ್ಯಾಶಾಸ್ತ್ರದಲ್ಲಿ ಎರಡನೆಯ ಸಲ ಫೇಲು.
ಹೋದ ಸಲ ಮೂವತ್ತಮೂರು, ಈ ಸಲ ಮೂವತ್ತೊಂದು.
"ಇಳಿಯುತ್ತಿದೆಯಲ್ಲಪ್ಪ" ಎಂದೆ.
"ಹೌದು ಮ್ಮೆ, ಇಳಿಜಾರು" ಎಂದ. ನಗಲಿಲ್ಲ.
(ಮ್ಮೆ: ಇಲ್ಲಿ ತಾಯಿಗೂ ಮೇಡಮ್ಮಿಗೂ ಒಂದೇ ಕರೆ.)

ಗುಲಾಬಿ ಬಣ್ಣದ ಫಾರಂ ಮೊದಲೇ ತೆಗೆದಿಟ್ಟಿದ್ದೆ.
ವಿಷಯ ಬದಲಾವಣೆ. ಗಣಿತ ಬಿಡು, ಭಾಷೆ ತಗೋ,
ಇಲ್ಲಿ ಒಂದು ಸಹಿ, ಇಲ್ಲಿ ದಿನಾಂಕ.
ಪೆನ್ನು ಹಿಡಿದ. ಹಿಡಿದೇ ಇದ್ದ.

ಹದಿಮೂರರವರೆಗೆ ಬೆಟ್ಟದ ಮೇಲೆ ಕುರಿ ಕಾದವನು.
ಆಮೇಲೆ ಒಂದನೆಯ ತರಗತಿ,
ಏಳು ವರ್ಷದವರ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು.
"ಎಷ್ಟು ಕುರಿ ಇದ್ದವು?" ಸುಮ್ಮನೆ ಕೇಳಿದೆ,
ಸಹಿಯಾಗುವ ತನಕ ಏನಾದರೊಂದು ಮಾತಿರಲೆಂದು.
"ಗೊತ್ತಿಲ್ಲ ಮ್ಮೆ."
"ಎಣಿಸುತ್ತಿರಲಿಲ್ಲವೆ?"
"ಎಣಿಸಲು ಬರುತ್ತಿರಲಿಲ್ಲ ಆಗ.
ಸಂಜೆ ಕಲ್ಲುದೊಡ್ಡಿಯ ಬಾಯಲ್ಲಿ ನಿಲ್ಲುತ್ತಿದ್ದೆ.
ಒಳಗೆ ಹೋಗುವವನ್ನು ನೋಡುತ್ತಿದ್ದೆ.
ಇಲ್ಲದ್ದು ಕಾಣುತ್ತಿತ್ತು."

ಇಲ್ಲದ್ದು ಹೇಗೋ ಕಾಣುವುದು?

"ಕುಂಟುವುದರ ಹಿಂದೆ ಕಿವಿ ಹರಿದದ್ದು ಬರಬೇಕು.
ಕುಂಟುವುದು ಬಂತು, ಅದರ ಹಿಂದೆ ಬರೀ ಗಾಳಿ.
ಆ ಗಾಳಿ ಸರಿಯಾಗಿ ಒಂದು ಕುರಿಯಷ್ಟೇ ಇರುತ್ತದೆ.
ಸರಾಸರಿ ಅನ್ನುತ್ತಾರಲ್ಲ ಮ್ಮೆ,
ಆ ಕುರಿಯನ್ನು ಮಾತ್ರ ನಾನು ನೋಡಿಲ್ಲ."

ಮೇಜಿನ ಮೇಲೆ ನನ್ನ ಫೈಲುಗಳು.
ಫೆಬ್ರವರಿಯಲ್ಲಿ ಎಣಿಸಿದಾಗ ನಲವತ್ತಮೂರು.
ಇವತ್ತು ಬೆಳಿಗ್ಗೆಯೂ ನಲವತ್ತಮೂರು. ಲೆಕ್ಕ ಸರಿ.
ತಳದ್ದನ್ನು ಎಳೆದೆ: ಪುಸೆಲೆತ್ಸೊ.
ಮಾರ್ಚಿನ ನಂತರ ಒಂದು ಮೊಹರೂ ಇಲ್ಲ.

"ನಿನ್ನ ತರಗತಿಯವಳೇ ಇವಳು?"
"ಹೌದು. ಕಿಟಕಿಯ ಪಕ್ಕ, ಎಡಗೈಯಲ್ಲಿ ಬರೆಯುವವಳು.
ಈಸ್ಟರ್ ರಜೆಯ ಮೇಲೆ ಇಲ್ಲ.
ತಾಯಿ ತೀರಿಕೊಂಡರು, ತಮ್ಮಂದಿರು ನಾಲ್ವರು.
ಮಾಸೆರುವಿನ ಕಾರ್ಖಾನೆಯಲ್ಲಿ ಜೀನ್ಸು ಹೊಲಿಯುತ್ತಾಳೆ.
ನಂಬರ್ ಇದೆ. ಬೇಕೆ ಮ್ಮೆ?"

ಗುಲಾಬಿ ಫಾರಮ್ಮನ್ನು ಹರಿಯಲಿಲ್ಲ;
ಅವಕ್ಕೂ ಆಫೀಸಿನಲ್ಲಿ ಲೆಕ್ಕವಿದೆ. ಡ್ರಾಯರಿಗೆ ಹಾಕಿದೆ.
"ಪರೀಕ್ಷೆ ಮತ್ತೆ ಬರೆಯಬೇಕು ನೀನು. ರಿಯಾಯಿತಿ ಇಲ್ಲ.
ಆ ಸರಾಸರಿ ಕುರಿಯನ್ನೂ ಹಿಡಿದು ತರಬೇಕು.
ಮಂಗಳವಾರ ನಾಲ್ಕಕ್ಕೆ ಬಾ.
ನನಗೂ ಅರ್ಧ ಮರೆತಿದೆ, ಕೂತು ನೋಡೋಣ."

ಅವನು ಹೋದ. ಮುಂದಿನವರನ್ನು ಕರೆಯದೆ
ನಂಬರ್ ಒತ್ತಿದೆ.
ಆಚೆ ಮೊದಲು ಮಷೀನುಗಳ ಸದ್ದು, ಸಾಲು ಸಾಲು,
ಆಮೇಲೆ ಕೂಗಿ ಕೇಳಿದ ದನಿ: "ಯಾರು?"

ನಿನ್ನ ಸಲಹೆಗಾರಳು ಎನ್ನಲು
ನಾಲಿಗೆ ಏಳಲಿಲ್ಲ.
ಹೊರಗೆ ಬೆಂಚಿನಲ್ಲಿ ಯಾರೋ ಕೆಮ್ಮಿದರು.
ಹನ್ನೆರಡು ನಿಮಿಷ ಯಾವಾಗಲೋ ಮುಗಿದಿತ್ತು.